ಬಲಕ್ಕೆ ನೋಡುವ ಮುಖ

ನಾಯಕರಿಗಿಂತ ಮೊದಲೇ ಬಂದ ಇಬ್ಬರು ಕಾರ್ಯಕರ್ತರು ಶವವಿದ್ದ ಮಂಚದ ಕಾಲಿಗೆ ಕೈ ಹಾಕಿದರು.

"ಏನ್ರಪ್ಪಾ ಮಾಡ್ತಿದೀರಾ?" ಸತ್ತವನ ಹೆಂಡತಿ ದಡಕ್ಕನೆ ಎದ್ದಳು.

ಹೊಸ ಫೋಟೋಗ್ರಾಫರ್ ಬಾಗಿಲಲ್ಲೇ ನಿಂತಿದ್ದ. ಆ ಇಕ್ಕಟ್ಟಿನ ಕೋಣೆಯಲ್ಲಿ ಅವನಿಗೆ ಬೇರೆ ಜಾಗವಿರಲಿಲ್ಲ. "ಅಮ್ಮಾ, ಸಾಹೇಬ್ರು ತಲೆ ಹತ್ರ ನಿಂತ್ರೆ ಫೋಟೋದಲ್ಲಿ ಎಡಕ್ಕೆ ನೋಡಿದ ಹಾಗೆ ಬರುತ್ತೆ. ಮಂಚ ಒಂಚೂರು ತಿರುಗಿಸಿಬಿಟ್ರೆ..."

"ಕಾಲ ಹತ್ರ ನಿಲ್ಲಲಿ."

"ಛೆ, ಸಾಹೇಬ್ರು ಕಾಲ ಹತ್ರ ನಿಲ್ಲೋದಾ?"

"ಹಾಗಾದ್ರೆ ಎಡಕ್ಕೇ ನೋಡ್ಲಿ."

"ಬಿಡಿ ಅತ್ತಿಗೆ, ದೊಡ್ಡವರು," ಎಂದಳು ನಾದಿನಿ ಮೆಲ್ಲಗೆ.

"ದೊಡ್ಡವರಾದ್ರೆ ಅವರ ಮನೇಲಿ! ಇಪ್ಪತ್ತಾರು ವರ್ಷ ಅವರಿಗೋಸ್ಕರ ತಿರುಗಿದ್ದು ಸಾಕು. ಇವತ್ತೊಂದಿನ ನನ್ನ ಗಂಡ ನಾನು ಮಲಗಿಸಿದ ಹಾಗೆ ಮಲಗಿರ್ಲಿ."

ಕಾರ್ಯಕರ್ತರು ಕೈ ಬಿಟ್ಟರು.

*

ಎಡಕ್ಕೆ ನೋಡಿದರೆ ಹಿಂದೆ ಸರಿದಂತೆ ಕಾಣುತ್ತದೆ ಎಂಬುದು ನಾಯಕರ ನಂಬಿಕೆ. ಚಿತ್ರದಲ್ಲಿ ಮುಖ ಸದಾ ಬಲಕ್ಕಿರಬೇಕು. ಅದಕ್ಕಾಗಿ ಅವರ ಹಳೆಯ ಫೋಟೋಗ್ರಾಫರ್, ಈಗ ಮಂಚದ ಮೇಲಿದ್ದವನು, ಪ್ರತಿ ಪ್ರಚಾರದಲ್ಲೂ ಅವರ ಮುಂದೆ ಹಿಮ್ಮುಖವಾಗಿ ನಡೆದ. ಅವರು ತಿರುಗಿದಂತೆಲ್ಲ ಓಡಿ ಸುತ್ತು ಹಾಕಿದ. ಎರಡು ಸಲ ಚರಂಡಿಗೆ ಬಿದ್ದ. ಬೀಳುವಾಗಲೂ ಕ್ಯಾಮೆರಾ ಮೇಲೆತ್ತಿ ಹಿಡಿದಿದ್ದ, ಪುಣ್ಯಾತ್ಮ.

"ತೆಗೆದ ಮೇಲೆ ಎಡ ಬಲ ಅದಲು ಬದಲು ಮಾಡೋಕೆ ಆಗಲ್ವಾ?" ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಹೆಂಡತಿ ಕೇಳಿದ್ದಳು.

"ಹಿಂದೆ ಬ್ಯಾನರ್ ಇರುತ್ತಲ್ಲೇ. ಅಕ್ಷರ ಎಲ್ಲಾ ಉಲ್ಟಾ ಆಗುತ್ತೆ."

"ಬಿಟ್ಬಿಡಿ ಈ ಕೆಲಸಾನ."

"ಈ ಚುನಾವಣೆ ಒಂದು ಮುಗೀಲಿ."

ಸ್ವಂತ ಸ್ಟುಡಿಯೋ ಮಾಡುತ್ತೇನೆಂದು ಅವನು ಬಾಯಿ ಬಿಟ್ಟಾಗಲೆಲ್ಲ ನಾಯಕರು ಹೆಗಲ ಮೇಲೆ ಕೈ ಹಾಕಿ, "ನೀನಿಲ್ದೆ ಆಗುತ್ತೇನಯ್ಯಾ?" ಎನ್ನುತ್ತಿದ್ದರು. ಆ ಕೈಯ ಕೆಳಗಿಂದ ನುಣುಚಿಕೊಳ್ಳಲು ಅವನಿಗೆ ಬರಲೇ ಇಲ್ಲ. ಐದು ಚುನಾವಣೆಗಳು ಮುಗಿದವು. ಆರನೆಯದರ ನಡುವೆ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಲೇ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ.

*

ನಾಯಕರು ಬಂದರು, ತಲೆಯ ಬಳಿ ನಿಂತು ಕೈ ಮುಗಿದರು. ಮಂಚ ಅಲುಗಲಿಲ್ಲ. ಅಷ್ಟು ದುಃಖದಲ್ಲೂ ಅವಳಿಗೆ ಗಂಡ ಕೊನೆಗೂ ಮನೆಗೆ ಬಂದನೆನ್ನಿಸಿ ಸಮಾಧಾನವಾಯಿತು.

ಹೊರಡುತ್ತಿದ್ದ ನಾಯಕರಿಗೆ ಹೊಸಬ ಬಾಗಿಲಲ್ಲೇ ಫೋನು ತೋರಿಸಿದ. "ಸರಿ ಮಾಡಿದೀನಿ ಸಾಹೇಬ್ರೇ. ಹಿಂದೆ ಬರೀ ಗೋಡೆ ತಾನೇ, ಅಕ್ಷರ ಇಲ್ಲ."

ಅವಳು ಅವನ ಭುಜದ ಮೇಲಿಂದ ಇಣುಕಿದಳು.

ಚಿತ್ರದಲ್ಲಿ ನಾಯಕರು ಬಲಕ್ಕೆ ನೋಡುತ್ತಿದ್ದರು. ಮಂಚ ತಿರುಗಿತ್ತು. ಗಂಡನ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿತ್ತು.