ನಿಕಿತಾಳ ಕೈಯ ಸೌಟು

ಡೊಂಬಿವಲಿಯಲ್ಲಿ ನಿವೃತ್ತರ ದಿನ ಹೇಗೆ ಕಳೆಯುತ್ತದೆ ಎಂದು ಕೇಳಬೇಕೆ? ಬೆಳಿಗ್ಗೆ ಹಾಲು, ಪೇಪರು. ಸಂಜೆ ಸೊಸೈಟಿಯ ಕಟ್ಟೆ, ಊರ ಸುದ್ದಿ. ವಿಲ್ ಎಂದು ಯಾರಾದರೂ ಅಂದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ಹೋಟೆಲಿನಲ್ಲಿ ದುಡಿದು ಸ್ವಂತ ಫ್ಲ್ಯಾಟು ಮಾಡಿಕೊಂಡ ಜಯಶೀಲರೂ ಹಾಗೆಯೇ.

ಅವರಿಗೂ ಹೆಂಡತಿ ಲೋಲಾಕ್ಷಿಗೂ ಮಕ್ಕಳಾಗಲಿಲ್ಲ. ತೀರಿಕೊಂಡ ಗೆಳೆಯನ ಕೂಸು ನಿಕಿತಾಳನ್ನು ತಂದು ಸಾಕಿದರು. ದತ್ತಕದ ಕಾಗದ ಮಾಡಿಸಲಿಲ್ಲ. ಮಗಳಿಗೆ ಕಾಗದ ಯಾಕೆ ಎನ್ನುವ ಸ್ವಭಾವ ಜಯಶೀಲರದು.

"ಹುಡುಗಿ ಹೆಸರಿಗೆ ಒಂದು ವಿಲ್ ಬರೆದಿಡಿ" ಎಂದು ಲೋಲಾಕ್ಷಿ ಹೇಳುತ್ತಲೇ ಇದ್ದರು.

"ನಾನು ಸಾಯುವುದನ್ನು ಕಾಯ್ತಾ ಇದ್ದೀಯಾ?" ಎಂದು ಜಯಶೀಲರು ನಗೆಯಲ್ಲಿ ತೇಲಿಸುತ್ತಿದ್ದರು.

ಮೊದಲು ಹೋದವರು ಲೋಲಾಕ್ಷಿಯೇ. ಹಾಸಿಗೆ ಹಿಡಿದ ಅವರನ್ನು ಮೀಯಿಸಿ, ತಲೆ ಬಾಚಿ, ಗಂಜಿ ಕುಡಿಸಿದವಳು ನಿಕಿತಾ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಸತ್ತವರಿಗೆ ಎಲೆಯಿಟ್ಟು ಬಡಿಸುವ ಹೊತ್ತಾಯಿತು. ಲೋಲಾಕ್ಷಿಗೆ ಇಷ್ಟವಾದ ಹೆಸರುಬೇಳೆ ಪಾಯಸವನ್ನು ನಿಕಿತಾ ತಾನೇ ಮಾಡಿದ್ದಳು. ಸೌಟು ಹಿಡಿದು ಎಲೆಯ ಮುಂದೆ ಬಗ್ಗಿದಳು. ಠಾಣೆಯಿಂದ ಬಂದಿದ್ದ ಜಯಶೀಲರ ಅಣ್ಣ ಲಕ್ಷ್ಮೀಕಾಂತರು ಮೆಲ್ಲನೆ ಸೌಟನ್ನು ಅವಳ ಕೈಯಿಂದ ತೆಗೆದುಕೊಂಡರು.

"ನೀನು ಆಚೆ ನಿಲ್ಲು ಮಗಾ. ಇದು ಮನೆಯವರು ಬಡಿಸುವಂಥದ್ದು."

ನಿಕಿತಾ ಹಿಂದೆ ಸರಿದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಜಯಶೀಲರು ಕಂಡೂ ಅಣ್ಣನನ್ನು ತಡೆಯಲಿಲ್ಲ. ಆದರೆ ಅಂದು ಊಟದ ಎಲೆಯನ್ನು ಅರ್ಧಕ್ಕೇ ಮಡಚಿ ಎದ್ದರು.

ಬೊಜ್ಜಕ್ಕೂ ಬಂದಿದ್ದ ಪಕ್ಕದ ಮನೆಯ ರೇವಣಸಿದ್ದರು ಮರುದಿನ ಬಂದು ಕೂತರು. ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ವಕೀಲರ ಹತ್ತಿರ ಗುಮಾಸ್ತರಾಗಿದ್ದವರು.

"ನನ್ನ ನಂತರ ಈ ಮನೆ ನಿಕಿತಾಳದ್ದೇ ಅಲ್ವಾ? ಸೊಸೈಟಿಯಲ್ಲಿ ನಾಮಿನಿ ಅವಳೇ ಉಂಟಲ್ಲ ಮಾರಾಯ್ರೆ" ಎಂದರು ಜಯಶೀಲರು.

"ನಾಮಿನಿ ಅಂದ್ರ ಮನಿ ಕಾಯಾವ್ರು ಅಷ್ಟರೀ, ಮಾಲಕರಲ್ಲ. ದತ್ತಕ ಆಗಿಲ್ಲ, ವಿಲ್ ಇಲ್ಲ. ನಾಳೆ ನೀವು ಹೋದ್ರ ಮನಿ ನಿಮ್ಮ ಅಣ್ಣಾವ್ರಿಗೆ ಹೋಗ್ತದ."

"ನನ್ನ ಅಣ್ಣ ಅಂಥವನಲ್ಲ."

"ಅಲ್ಲ, ಖರೆ. ನಿನ್ನೆ ಸೌಟು ತಗೊಂಡಾಗೂ ಅವರ ಮನಸ್ಸಿನ್ಯಾಗ ಕೆಟ್ಟದ್ದೇನೂ ಇರ್ಲಿಲ್ರೀ."

ಜಯಶೀಲರ ಕಣ್ಣು ತುಂಬಿತು. "ವಿಲ್ ಬರೆದ್ರೆ ಆಯುಷ್ಯ ಕಮ್ಮಿ ಆಗ್ತದೆ ಅಂತ ಹೆದರಿದೆ. ಬರೆಯದೆಯೂ ಲೋಲಾಕ್ಷಿ ಹೋದಳಲ್ಲ. ಏನು ಮಾಡ್ಬೇಕು, ಹೇಳಿ."

"ಬಿಳಿ ಹಾಳಿ ಸಾಕ್ರಿ, ಸ್ಟಾಂಪ್ ಪೇಪರ್ ಬೇಕಂತಿಲ್ಲ. ಸ್ವಂತ ಗಳಿಕಿ ಯಾರಿಗೆ ಅಂತ ಸ್ಪಷ್ಟ ಬರೀರಿ. ಇಬ್ಬರು ಸಾಕ್ಷಿ ಎದುರು ಸಹಿ ಮಾಡ್ರಿ, ಅವರೂ ನಿಮ್ಮೆದುರು ಮಾಡ್ಲಿ. ಮನಿ ಯಾರಿಗೆ ಕೊಡ್ತೀರಿ, ಅವರು ಸಾಕ್ಷಿ ಆಗಬಾರ್ದು. ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡ್ಸಿದ್ರ ಗಟ್ಟಿ. ನೀವು ಇರೂತನಕ ಎಷ್ಟು ಸಲಾನೂ ಬದಲಿ ಮಾಡಬಹುದು."

ಜಯಶೀಲರು ಅಣ್ಣನಿಗೆ ಫೋನು ಮಾಡಿ ವಿಷಯ ಹೇಳಿದರು.

"ಅವತ್ತು ಬಡಿಸುವಾಗ ಕ್ರಮ ಅಂತ ಹೇಳಿಬಿಟ್ಟೆ ಜಯಾ, ಹುಡುಗಿಯ ಮುಖ ನೋಡಲಿಲ್ಲ" ಎಂದರು ಲಕ್ಷ್ಮೀಕಾಂತರು. "ಒಂದು ಸಾಕ್ಷಿ ಸಹಿ ನಾನೇ ಹಾಕ್ತೇನೆ."

ಇನ್ನೊಂದು ಸಹಿ ರೇವಣಸಿದ್ದರದು. ವಿಲ್ ರಿಜಿಸ್ಟರಾಯಿತು. ಮನೆಗೆ ಬಂದು ಹೇಳಿದಾಗ ನಿಕಿತಾ ಅತ್ತುಬಿಟ್ಟಳು. "ಪಪ್ಪಾ, ಮಲಾ ಘರ್ ನಕೋ. ನನಗೆ ಮನೆ ಬೇಡ, ನೀವು ಇರಿ, ಸಾಕು."

ಮಾಸಿಕದ ದಿನ ಮತ್ತೆ ಎಲೆಯಿಟ್ಟರು. ಲಕ್ಷ್ಮೀಕಾಂತರು ಸೌಟನ್ನು ನಿಕಿತಾಳ ಕೈಗೆ ಕೊಟ್ಟು, "ಬಡಿಸು ಮಗಾ, ನಿನ್ನ ಅಮ್ಮನಿಗೆ" ಎಂದರು. ಅವಳು ಪಾಯಸ ಬಡಿಸಿದಳು. ಇದನ್ನು ನೋಡಬೇಕಾಗಿದ್ದ ಲೋಲಾಕ್ಷಿ ಮಾತ್ರ ಗೋಡೆಯ ಮೇಲಿನ ಫೋಟೋದಲ್ಲಿದ್ದರು. ಜಯಶೀಲರಿಗೆ ಅತ್ತ ತಲೆಯೆತ್ತಿ ನೋಡಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ವಿಲ್ ಮಾತೆತ್ತಿದರೆ ನಗೆಯಲ್ಲಿ ತೇಲಿಸಬೇಡಿ. ನಾಮಿನಿ ಹಾಕಿದ್ದೇವೆಂದು ಸುಮ್ಮನಿರಬೇಡಿ. ಕೇಳುವವರು ಇರುವಾಗಲೇ ಬರೆಯಿರಿ, ಬರೆದದ್ದನ್ನು ಅವರಿಗೆ ಓದಿ ಹೇಳಿ.