ಬಾರದ ಬಸ್ಸಿನ ಶುಭಾಶಯ

ಗಡಿಗೆಪ್ಪನ ದೊಡ್ಡಿಗೆ ಮುಂಜಾನೆ ಏಳಕ್ಕೆ ಬರುತ್ತಿದ್ದ ಬಸ್ಸು ನಿಂತು ಇಪ್ಪತ್ತೊಂದು ದಿನವಾಗಿತ್ತು. ದೇವದುರ್ಗದಿಂದ ಮಾನ್ವಿಗೆ ಹೋಗುವ ಆ ಬಸ್ಸಿಲ್ಲದೆ ರಾಧಾಳ ಕಾಲೇಜು ತಪ್ಪುತ್ತಿತ್ತು. ಇನ್ನೊಂದು ವಾರ ಹಾಜರಿ ಇಲ್ಲವೆಂದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದಿದ್ದರು ಕಾಲೇಜಿನವರು. "ಪರೀಕ್ಷಾ ಇಲ್ಲಂದ್ರ ಕಾಲೇಜರ ಯಾಕ ಬೇಕು? ಕುರಿ ಹಿಂದ ನಡಿ," ಎಂದು ತಾಯಿ ಜಂಬಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ರಾಧಾ ರಾಯಚೂರಿನ ಪತ್ರಿಕೆಯೊಂದಕ್ಕೆ ಫೋನು ಮಾಡಿದಳು. "ಸುದ್ದಿ ಜೋಡಿ ಯಾರರ ಲೀಡರ್ ಫೋಟೋ ಕಳಸ್ರಿ, ನೋಡೋಣು," ಎಂದರು ಅಲ್ಲಿಯವರು. ಕುರಿ ಕಾಯುವವರ ದೊಡ್ಡಿಯಲ್ಲಿ ಲೀಡರನ್ನು ಎಲ್ಲಿಂದ ತರೋಣ? ಟಗರಿನ ಫೋಟೋ ಕಳಿಸಬೇಕಿತ್ತೋ ಏನೋ!

ಉಳಿದದ್ದು 'ಮಾನ್ವಿ ಮಾತುಕತೆ' ಎಂಬ ವಾಟ್ಸಾಪ್ ಗುಂಪು. ಹೆಸರಿಗೆ ಮಾತುಕತೆ, ಒಂಬೈನೂರು ಜನ ಓದಬೇಕು, ಅಡ್ಮಿನ್ ಮಲ್ಲೇಶನೊಬ್ಬನೇ ಬರೆಯಬೇಕು. ಅವನಿಗೆ ರಾಧಾ ನಾಲ್ಕು ಸಲ ಬಸ್ಸಿನ ವಿಷಯ ಕಳಿಸಿದಳು. ಐದನೆಯ ಸಲಕ್ಕೆ, "ಸಣ್ಣಪುಟ್ಟದ್ದೆಲ್ಲ ಹಾಕಾಕ ಆಗಂಗಿಲ್ಲ ತಂಗಿ," ಎಂಬ ಉತ್ತರ ಬಂತು. ಅವತ್ತೇ ಗುಂಪಿನಲ್ಲಿ ಅಕ್ಕಿ ಗಿರಣಿಯ ಮಾಲೀಕ ವಿರೂಪಣ್ಣನವರು ಹೊಸ ಕನ್ನಡಕ ಹಾಕಿಕೊಂಡ ಸುದ್ದಿ, ಮೂರು ಫೋಟೋ ಸಮೇತ! ಮೈಯೆಲ್ಲ ಉರಿಯದೆ ಇರುತ್ತದೆಯೇ? ರಾಧಾ ಸಿಟ್ಟಿಗೆ ಅತ್ತೇಬಿಟ್ಟಳು.

ಅತ್ತು ಮುಗಿಸಿ ಮೂಗು ಒರೆಸಿಕೊಳ್ಳುವಾಗ ಅವಳಿಗೊಂದು ಉಪಾಯ ಹೊಳೆಯಿತು. ಮಲ್ಲೇಶ ಓದದೆ ಹಾಕುವುದೊಂದೇ, ಧಣಿಗಳ ಹುಟ್ಟುಹಬ್ಬದ ಪೋಸ್ಟರ್. ವಿರೂಪಣ್ಣನವರ ಹುಟ್ಟುಹಬ್ಬ ಗುರುವಾರವೇ ಇತ್ತು. ಮೊಬೈಲಿನಲ್ಲೇ ಕೂತು ಮಾಡಿದಳು: ಕೈಮುಗಿದ ಫೋಟೋ, ಸುತ್ತ ಗುಲಾಬಿ, ಕೆಳಗೆ, "ನಿಂತ ಏಳರ ಬಸ್ಸನ್ನು ಸೋಮವಾರದಿಂದ ಮತ್ತೆ ಓಡಿಸುತ್ತಿರುವ ವಿದ್ಯಾರ್ಥಿಗಳ ಆಶಾಕಿರಣ ವಿರೂಪಣ್ಣನವರಿಗೆ ಜನ್ಮದಿನದ ಶುಭಾಶಯಗಳು. ಕೋರುವವರು: ಗಡಿಗೆಪ್ಪನ ದೊಡ್ಡಿಯ ಸಮಸ್ತ ನಾಗರಿಕರು."

ಗುರುವಾರ ಬೆಳಿಗ್ಗೆ ಅದನ್ನು ಮಲ್ಲೇಶನಿಗೆ ಕಳಿಸಿದಳು. ಐದೇ ನಿಮಿಷದಲ್ಲಿ ಅದು ಗುಂಪಿನಲ್ಲಿತ್ತು. ಸಂಜೆಯೊಳಗೆ ದಾರಿಯ ಆರು ಹಳ್ಳಿಯವರು ಹಾರ ಹಿಡಿದು ಗಿರಣಿಗೆ ಬಂದರು. ಮೊದಲ ಹಾರಕ್ಕೆ ವಿರೂಪಣ್ಣ ತಬ್ಬಿಬ್ಬಾದರು. ನಾಲ್ಕನೆಯದಕ್ಕೆ, "ಏನೋ, ನಮ್ಮ ಕೈಲಾದಷ್ಟು," ಎಂದರು. ಆಮೇಲೆ ಮಲ್ಲೇಶನನ್ನು ಒಳಗೆ ಕರೆದು, "ಲೇ, ಯಾವ ಬಸ್ಸಲೇ ಅದು? ಮಂದಿ ಮುಂದ ಹೂಂ ಅಂದುಬಿಟ್ಟೀನಿ!" ಎಂದು ಹರಿಹಾಯ್ದರು. ಓದದೆ ಹಾಕಿದೆ ಅನ್ನಲು ಅವನಿಗೆಲ್ಲಿ ಬಾಯಿ? "ಜನರ ಅಭಿಮಾನ ರೀ ಯಪ್ಪಾ," ಎಂದು ಹಲ್ಲು ಕಿರಿದ. ಶುಕ್ರವಾರ, ಶನಿವಾರ ಎರಡು ದಿನವೂ ಧಣಿ ತಾವೇ ಡಿಪೋಗೆ ಎಡತಾಕಿದರು.

ಸೋಮವಾರ ಬಸ್ಸು ಬಂತು. ವಿರೂಪಣ್ಣ ಪರಿವಾರ ಸಮೇತ ದೊಡ್ಡಿಗೇ ಬಂದಿದ್ದರು. "ತಂಗಿ, ಕೆಳಗಿಳಿ. ಹಿರಿಯರು ಹತ್ತಿ ಫೋಟೋ ತಗೋಬೇಕು," ಎಂದ ಮಲ್ಲೇಶ. ಆದರೆ ಹೂವಿನ ಹಾರ ಇನ್ನೂ ಮಾನ್ವಿಯಿಂದ ಬಂದಿರಲಿಲ್ಲ. ರಾಧಾ ಸೀಟು ಬಿಡದೆ ಕಂಡಕ್ಟರನತ್ತ ತಿರುಗಿ, "ಏಳು ದಾಟ್ತು ನೋಡ್ರಿ," ಎಂದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟೇಬಿಟ್ಟಿತು.

ಸಂಜೆ ಗುಂಪಿನಲ್ಲಿ ಸುದ್ದಿ ಬಂದಿತ್ತು. ಫೋಟೋದಲ್ಲಿ ಹಾರ, ರಿಬ್ಬನ್ನು, ಹದಿನಾಲ್ಕು ಜನ ಹಿರಿಯರು. ಹಿಂದೆ ಬರೀ ರಸ್ತೆ.

ಜಂಬಮ್ಮ ಮಗಳ ಮೊಬೈಲಿನಲ್ಲಿ ಫೋಟೋ ನೋಡಿ ಸಿಟ್ಟಾದಳು. "ಮಾಡಿದಾಕಿ ನೀನು. ಇದರಾಗ ನೀನ ಇಲ್ಲಲ್ಲ ಬೇ!"

"ನಾ ಹೆಂಗಿರ್ಲಿ ಯವ್ವಾ," ಎಂದಳು ರಾಧಾ, "ಆಗ ನಾ ಕ್ಲಾಸಿನಾಗಿದ್ನಲ್ಲ."