ಬೀಗ ಹಾಕಿದವರೇ ತೆಗೆಯಬೇಕು

ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ನಮ್ಮ ಮನೆಗಾಡಿಯ ಬ್ಯಾಟರಿ ಸ್ವಿಚ್ಚಿಗೆ ಕೆಂಪು ಬೀಗ ನೇತಾಡುತ್ತಿತ್ತು. ಬೀಗದ ಜೊತೆಗೊಂದು ಪ್ಲಾಸ್ಟಿಕ್ ಚೀಟಿ. ಅದರ ಮೇಲೆ ನನ್ನ ಮಗಳ ಫೋಟೋ, ಫೋಟೋದ ಕೆಳಗೆ ‘ಅಪಾಯ. ಹಾಕಿದವರ ಹೊರತು ಬೇರೆ ಯಾರೂ ಈ ಬೀಗ ತೆಗೆಯಕೂಡದು’ ಎಂಬ ಅಚ್ಚಕ್ಷರ. ಹಿಂದಿನ ಸಂಜೆ ಗೇಟಿನ ಆಚೆ ನಿಂತು ನನ್ನ ಜೊತೆ ವಾದ ಮಾಡಿ ಸೋತವಳು, ನಾನು ಒಳಗೆ ಹೋದ ಮೇಲೆ ಸದ್ದಿಲ್ಲದೆ ಈ ಕೆಲಸ ಮಾಡಿ ಹೋಗಿದ್ದಳು. ನನ್ನ ಪಿತ್ತ ನೆತ್ತಿಗೇರಿತು.

ಮನೆಗಾಡಿ ಎಂದರೆ ದೊಡ್ಡ ಐಷಾರಾಮವೇನಲ್ಲ. ಶಾಲೆಯವರು ಮೂಲೆಗೆ ತಳ್ಳಿದ್ದ ಮಿನಿಬಸ್ಸನ್ನು ನಾವು ಕೊಂಡು, ಸೀಟು ಕಿತ್ತು, ಹಾಸಿಗೆ, ಒಲೆ, ನೀರಿನ ಟ್ಯಾಂಕು, ಮೊಣಕಾಲು ಮಡಚಿ ಕೂರುವಷ್ಟು ಜಾಗದ ಒಂದು ಶೌಚಾಲಯ ಕೂರಿಸಿದ್ದೆವು. ನಾನು ಅದೇ ಶಾಲೆಯ ಬಸ್ ಡ್ರೈವರ್. ಸೋಂಕು ಬಂದು ಶಾಲೆ ಮುಚ್ಚಿದ ಮೇಲೆ ಬಸ್ಸುಗಳು ಶೆಡ್ಡಿನಲ್ಲಿ ನಿಂತವು, ನಾನು ಮನೆಯಲ್ಲಿ ನಿಂತೆ. ಗಲಾಟೆ ಮಾಡುವ ಮಕ್ಕಳನ್ನು ಕನ್ನಡಿಯಲ್ಲೇ ಗದರಿಸಿ ಕೂರಿಸುತ್ತಿದ್ದವಳಿಗೆ ಮನೆಯಲ್ಲಿ ಗದರಿಸಲು ಉಳಿದವರು ನಮ್ಮ ಯಜಮಾನರೊಬ್ಬರೇ.

ಅವರು ಲಿಫ್ಟ್ ಮೆಕ್ಯಾನಿಕ್. ಊರೆಲ್ಲ ಮಿಸ್ತ್ರಿ ಎನ್ನುತ್ತದೆ, ನಾನೂ ಹಾಗೇ ಕರೆಯುವುದುಂಟು. ಮದುವೆಯಾದ ವರ್ಷದಿಂದ ಒಂದೇ ಮಾತು ಕೇಳುತ್ತಾ ಬಂದಿದ್ದೇನೆ: “ಈ ಚಳಿಗಾಲ ಸರೋವರಕ್ಕೆ ಹೋಗೋಣ ಕಣೇ.” ಎರಡು ದಿನದ ದಾರಿ. ಚಳಿಗಾಲದಲ್ಲಿ ಮಾತ್ರ ಅಲ್ಲಿಗೆ ಹೆಬ್ಬಾತುಗಳು ಬರುತ್ತವೆ, ಬೆಳಕು ಹರಿಯುವ ಹೊತ್ತಿಗೆ ಸಾವಿರಗಟ್ಟಲೆ ಒಟ್ಟಿಗೆ ಏಳುತ್ತವೆ, ಆಕಾಶವೇ ಎದ್ದುಹೋದಂತೆ ಕಾಣುತ್ತದೆ. ಚಿಕ್ಕವರಿದ್ದಾಗ ತಾಯಿಯ ಜೊತೆ ಹೋಗಿ ಒಂದೇ ಒಂದು ಸಲ ನೋಡಿದ್ದರಂತೆ. ಆದರೆ ಲಿಫ್ಟುಗಳು ಹೆಚ್ಚು ಕೆಡುವುದೂ ಚಳಿಗಾಲದಲ್ಲೇ. ರಜೆ ಸಿಗಲಿಲ್ಲ. ಜೀವಮಾನವಿಡೀ ಲಿಫ್ಟಿನ ಕೆಳಗಿನ ಬಾವಿಯಂಥ ಗುಂಡಿಗಳಲ್ಲಿ ಕೂತು, ಮೂಗಿನ ಮುಂದಿನ ಗೋಡೆ ನೋಡಿಕೊಂಡೇ ನಿವೃತ್ತರಾದರು.

ನಿವೃತ್ತರಾದರು, ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಕರಗಿಹೋಗುವ ರೋಗ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಪಕ್ಕದಲ್ಲಿರುವ ಬಾಗಿಲು ಕಾಣುತ್ತದೆ. ನನ್ನ ಮುಖ ನೋಡಬೇಕೆಂದರೆ ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತಾರೆ. ಮುಂದಿನ ಚಳಿಗಾಲಕ್ಕೆ ಎಷ್ಟು ಉಳಿಯುತ್ತದೆ ಎಂದು ಕೇಳಿದ್ದಕ್ಕೆ ಕಣ್ಣಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಹೊರಗೆ ಬಂದ ಮೇಲೆ ಮಿಸ್ತ್ರಿ ಹೇಳಿದ್ದು ಇಷ್ಟೇ: “ಒಂದು ಹಕ್ಕಿ ಕಾಣದಿದ್ರೆ ಬೇಡ. ಹಿಂಡು ಕಂಡ್ರೆ ಸಾಕು.” ಅಂದೇ ನಾನು ನಿರ್ಧಾರ ಮಾಡಿದೆ. ಸೋಂಕಲ್ಲ, ಅದರಪ್ಪ ಬಂದರೂ ಈ ಚಳಿಗಾಲ ಹೋಗುವುದೇ.

ನಾನೇನು ತಲೆಕೆಟ್ಟವಳಲ್ಲ. ಹೋಗಕೂಡದೆಂದು ಯಾರೂ ಕಾನೂನು ಮಾಡಿರಲಿಲ್ಲ, ಆದಷ್ಟು ಮನೆಯಲ್ಲಿರಿ ಎಂದಿದ್ದರು. ನಮ್ಮ ಗಾಡಿಯೇ ಮನೆ. ನಮ್ಮ ಅಡುಗೆ, ನಮ್ಮ ಹಾಸಿಗೆ, ನಮ್ಮ ಶೌಚಾಲಯ. ಡೀಸೆಲ್ ಹಾಕಿಸುವಾಗ ಮಾಸ್ಕು, ಕೈಗವಸು. ಸರೋವರದ ದಂಡೆಯಲ್ಲಿ ಹಕ್ಕಿಗಳ ಹೊರತು ಇನ್ಯಾರು ನಮ್ಮ ಮೇಲೆ ಕೆಮ್ಮುತ್ತಾರೆ? ಇದನ್ನೆಲ್ಲ ಮಗಳಿಗೆ ಬಿಡಿಸಿ ಹೇಳಿದ್ದೆ. ಅವಳದು ಒಂದೇ ಉತ್ತರ: “ಮುಂದಿನ ವರ್ಷ ಹೋಗಿ.”

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಗಾದೆ ನಡೆಯಲಿಲ್ಲ. ಅವಳು ಅಪ್ಪನ ಅಚ್ಚು, ಅಪ್ಪನ ಕೆಲಸವನ್ನೇ ಕಲಿತಳು. ಈಗ ದೊಡ್ಡಾಸ್ಪತ್ರೆಯ ಲಿಫ್ಟುಗಳೆಲ್ಲ ಅವಳ ತಲೆಯ ಮೇಲೆ. ಸೋಂಕು ಶುರುವಾದಂದಿನಿಂದ ಬೇರೆ ಕೋಣೆ ಹಿಡಿದಿದ್ದಾಳೆ, ನಮ್ಮ ಗೇಟು ದಾಟಿ ಒಳಗೆ ಬರುವುದಿಲ್ಲ. ಬ್ಯಾಟರಿ ಸ್ವಿಚ್ಚಿನ ಪೆಟ್ಟಿಗೆ ಗೇಟಿನ ಪಕ್ಕಕ್ಕೇ ಇರುವಂತೆ ಗಾಡಿ ನಿಲ್ಲಿಸಿದ್ದು ನನ್ನ ಕರ್ಮ, ಕಂಬಿಯ ಸಂದಿಯಿಂದಲೇ ಅವಳ ಕೈ ಎಟುಕಿತ್ತು.

ಶೆಡ್ಡಿನಿಂದ ಕಬ್ಬಿಣ ಕತ್ತರಿಸುವ ಉದ್ದ ಹಿಡಿಯ ಕತ್ತರಿ ತಂದೆ. ಬೇಲಿಯ ಆಚೆಯಿಂದ ಪಕ್ಕದ ಮನೆಯ ಸಲೂನಿನವನು ಇಣುಕಿದ. ಅಂಗಡಿ ಮುಚ್ಚಿದ ಮೇಲೆ ಅವನಿಗೆ ಕೆಲಸವಿಲ್ಲ, ಬಾಯಿಗೆ ಮಾತ್ರ ರಜೆ ಇಲ್ಲ.

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದ್ರಲ್ಲ ಅಕ್ಕ,” ಎಂದ.

“ನಿನ್ನ ಕೂದಲಿಗೂ ಇದೇ ಸಾಕು. ಬಾ ಇಲ್ಲಿ,” ಎಂದೆ.

ಕತ್ತರಿಯ ಬಾಯಿಗೆ ಬೀಗ ಸಿಗುವ ಹೊತ್ತಿಗೆ ಮಿಸ್ತ್ರಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬೀಗವನ್ನು ಬೆರಳಿನಿಂದ ತಡವಿದರು, ಚೀಟಿಯನ್ನೂ ತಡವಿದರು. ಮುಖ ಬಿಗಿದುಕೊಂಡಿತು.

“ಕತ್ತರಿ ಕೆಳಗಿಡು.”

“ಯಾಕಿಡ್ಲಿ? ನಮ್ಮ ಗಾಡಿಗೆ ಬೀಗ ಹಾಕೋಕೆ ಅವಳ್ಯಾರು?”

“ಹಾಕಿದ್ದು ತಪ್ಪು. ಕತ್ತರಿಸೋದು ಅದಕ್ಕಿಂತ ತಪ್ಪು.”

ಆ ಬೀಗದ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ, ಊಟದ ಜೊತೆ ಉಪ್ಪಿನ ಹಾಗೆ ದಿನಾ ಬಡಿಸಿದ್ದಾರೆ. ಲಿಫ್ಟಿನ ಗುಂಡಿಗೆ ಇಳಿಯುವ ಮೊದಲು ಕರೆಂಟು ತೆಗೆದು, ಆ ಸ್ವಿಚ್ಚಿಗೆ ತನ್ನದೇ ಬೀಗ ಹಾಕಬೇಕು. ಮೇಲಿದ್ದವರು ಯಾರೂ ಮರೆತು ಸ್ವಿಚ್ ಒತ್ತಿ, ಕೆಳಗಿರುವವನ ತಲೆಯ ಮೇಲೆ ಲಿಫ್ಟು ಇಳಿಸಬಾರದು. ಒಬ್ಬರಿಗೆ ಒಂದೇ ಬೀಗ, ಒಂದೇ ಕೀಲಿ. ಎರಡು ಕೊಟ್ಟರೆ ಒಂದನ್ನು ಎಲ್ಲಾದರೂ ಮರೆಯುತ್ತಾರೆ ಎಂದು ಕಂಪನಿ ಕೊಡುವುದಿಲ್ಲ. ಹಾಕಿದವರೇ ತೆಗೆಯಬೇಕು, ಮಾಲೀಕ ಬಂದರೂ ಮುಟ್ಟುವಂತಿಲ್ಲ. ಒಂದು ಸಲ ಯಾರೋ ಅವಸರಕ್ಕೆ ಬೀಗ ಕತ್ತರಿಸಿದ್ದರಿಂದ, ಮಿಸ್ತ್ರಿಯ ಜೊತೆಗಾರ ಗುಂಡಿಯಿಂದ ಮೇಲೆ ಬರಲಿಲ್ಲ. ಆ ಮಾತು ಬಂದಾಗಲೆಲ್ಲ ಅವರು ಅನ್ನದ ತಟ್ಟೆ ಸರಿಸಿ ಏಳುತ್ತಾರೆ.

“ಇದು ಲಿಫ್ಟಲ್ಲ ಕಣ್ರೀ, ಗಾಡಿ,” ಎಂದೆ.

ಅವರು ಒಳಗೆ ಹೋಗಿ, ನೆನಪಿಗೆಂದು ಉಳಿಸಿಕೊಂಡಿದ್ದ ತಮ್ಮ ಹಳೆಯ ನೀಲಿ ಬೀಗ ತಂದರು. ತಡವುತ್ತಾ ತಡವುತ್ತಾ ಅದನ್ನೂ ಕೆಂಪು ಬೀಗದ ಪಕ್ಕಕ್ಕೇ ಸಿಕ್ಕಿಸಿ ಒತ್ತಿದರು. “ಈಗ ಕತ್ತರಿಸೋದಾದ್ರೆ ಎರಡೂ ಕತ್ತರಿಸು,” ಎಂದರು.

ಹೋಗಬೇಕೆಂದು ಜೀವಮಾನವಿಡೀ ಜಪ ಮಾಡಿದವರೇ ಹೋಗುವ ದಾರಿಗೆ ಬೀಗ ಹಾಕಿದರು. ಇಂಥವರ ಜೊತೆ ಬಾಳಿದ್ದೇನೆ, ನನಗೆ ಪದಕ ಕೊಡಬೇಕು. ಸಲೂನಿನವನು ಕಿಸಕ್ಕನೆ ನಕ್ಕ. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಆದರೆ ಅಳುವುದು ನನ್ನ ಜಾಯಮಾನವಲ್ಲ. ಕತ್ತರಿ ಎಸೆದು, ಮನೆಯಿಂದ ಹೊದಿಕೆ, ಅಕ್ಕಿ, ಕಾಫಿಪುಡಿ, ಬಿಸಿನೀರಿನ ಚೀಲ ಎಲ್ಲ ಹೊತ್ತು ಗಾಡಿಗೆ ಏರಿದೆ.

“ಇದೇನೇ?” ಎಂದರು ಮಿಸ್ತ್ರಿ.

“ಸರೋವರಕ್ಕೆ ಹೋಗೋಕೆ ಬಿಡ್ದಿದ್ರೆ ಬೇಡ. ಅಂಗಳದಲ್ಲೇ ಪ್ರವಾಸ ಮಾಡ್ತೀನಿ. ದೀಪ ಇಲ್ದೆ, ಹೀಟರ್ ಇಲ್ದೆ, ಯಾರ ಮನೆ ಬಾಗಿಲೂ ತಟ್ಟದೆ ಇದರಲ್ಲಿ ಬದುಕಬಹುದು ಅಂತ ನಿಮ್ಮ ಮಗಳಿಗೆ ತೋರಿಸ್ತೀನಿ. ಬೇಕಾದ್ರೆ ನೀವೂ ಬನ್ನಿ.”

ಬಂದರು. ಬರದೆ ಏನು ಮಾಡುತ್ತಾರೆ, ಮನೆಯಲ್ಲಿ ಅವರಿಗೆ ಟೀಚಮಚ ಹುಡುಕಿಕೊಡುವವರು ಯಾರು? ನಮ್ಮೂರಿನ ಚಳಿಗೆ ಅಂಗಳದಲ್ಲಿ ಹಿಮ ಬಿದ್ದಿತ್ತು. ನೀರಿನ ಪೈಪು ಹೆಪ್ಪುಗಟ್ಟಿತು. ನಾನು ಬಕೆಟ್ಟಿನಲ್ಲಿ ಹಿಮ ತುಂಬಿ ಒಲೆಯ ಮೇಲೆ ಕರಗಿಸಿದೆ, ಅವರು ಪೈಪನ್ನು ಬೆರಳಿನಲ್ಲೇ ತಡವಿ, ಕಟ್ಟಿದ ಜಾಗ ಹುಡುಕಿ ಬಿಸಿ ಬಟ್ಟೆ ಸುತ್ತಿದರು. ನೀರು ಬಂದಾಗ ಇಬ್ಬರೂ ಮಕ್ಕಳಂತೆ ನಕ್ಕೆವು. ಸಲೂನಿನವನು ಬೇಲಿಯ ಆಚೆಯಿಂದ, “ಯಾವ ಊರು ತಲುಪಿದ್ರಿ ಅಕ್ಕ?” ಎಂದು ಕೇಳಿದಾಗ, “ನಿನ್ನ ಮುಖ ಕಾಣದ ಊರು ಹುಡುಕ್ತಿದ್ದೀವಿ,” ಎಂದೆ. ಮಿಸ್ತ್ರಿ ಇಷ್ಟು ಲವಲವಿಕೆಯಿಂದ ಇದ್ದದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ನನ್ನ ಹಟ ಇನ್ನಷ್ಟು ಗಟ್ಟಿಯಾಯಿತು.

ಅಂದು ಮಗಳು ಬರಲಿಲ್ಲ. ಮಾರನೆಯ ಸಂಜೆ ಬಂದಳು. ಮಾಸ್ಕಿನ ಗೆರೆ ಕೆನ್ನೆಯಲ್ಲಿ ಒತ್ತಿಹೋಗಿತ್ತು. ಗೇಟಿನ ಆಚೆ ನಿಂತವಳು ಗಾಡಿಯ ಕಿಟಕಿಯಲ್ಲಿ ನಮ್ಮಿಬ್ಬರ ಮುಖ ಕಂಡು ದಂಗಾದಳು.

“ಅಮ್ಮ, ಇದೇನು ಹುಚ್ಚು? ಈ ಚಳಿಯಲ್ಲಿ ಅಪ್ಪನ್ನ ಇಲ್ಲಿ ಮಲಗಿಸಿದ್ದೀಯಾ?”

“ನಿನ್ನ ಬೀಗ ತೆಗೆ, ಹೀಟರ್ ಹಾಕ್ತೀನಿ.”

“ತೆಗೆಯಲ್ಲ. ಮುಂದಿನ ವರ್ಷ ಹೋಗಿ ಅಂದ್ನಲ್ಲ.”

“ಮುಂದಿನ ವರ್ಷ ನಿನ್ನ ಹತ್ರ ಇದೆ. ನಿನ್ನ ಅಪ್ಪನ ಕಣ್ಣಿನ ಹತ್ರ ಇಲ್ಲ. ಕತ್ತಲೆ ಆದ್ಮೇಲೆ ಕರ್ಕೊಂಡು ಹೋಗಿ ರೆಕ್ಕೆ ಸದ್ದು ಕೇಳಿಸ್ಲಾ?”

ಅವಳು ಕಂಬಿ ಹಿಡಿದುಕೊಂಡಳು. “ನಿಮಗೆ ಗೊತ್ತಿಲ್ಲಮ್ಮ. ಆಸ್ಪತ್ರೇಲಿ ಲಿಫ್ಟ್ ಬಾಗಿಲ ತನಕ ರೋಗಿ ಜೊತೆ ಮನೆಯವರು ಬರ್ತಾರೆ. ಆಮೇಲೆ ಬಿಡಲ್ಲ. ಬಾಗಿಲು ಮುಚ್ಕೊಳ್ಳುತ್ತೆ, ಅವರು ಅಲ್ಲೇ ನಿಂತಿರ್ತಾರೆ, ಮುಚ್ಚಿದ ಬಾಗಿಲು ನೋಡ್ಕೊಂಡು. ದಿನಾ ನೋಡ್ತೀನಿ. ನೀವು ಎರಡು ದಿನದ ದಾರಿ ದೂರದಲ್ಲಿ ಕಾಯಿಲೆ ಬಿದ್ದು ಮಲಗಿಬಿಟ್ರೆ, ನಾನು ಆ ಬಾಗಿಲ ತನಕಾನೂ ಬರೋಕಾಗಲ್ಲ. ನನಗೆ ಭಯ ಆಗುತ್ತೆ. ಅಷ್ಟೇ.”

ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು. ಭಯ ನನಗೂ ಇತ್ತು. ಆದರೆ ಇರುವ ಭಯಕ್ಕೆಲ್ಲ ಮಣೆ ಹಾಕಿ ಕೂರಿಸಿದರೆ ಮನೆಯಲ್ಲಿ ನಾವು ಕೂರಲು ಜಾಗ ಉಳಿಯುವುದಿಲ್ಲ. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಿಸ್ತ್ರಿ ಕೈ ಎತ್ತಿದರು.

“ಇವತ್ತು ಏನು ಕೆಲಸ ಮಾಡಿದೆ ಮರಿ?”

ಮಾತು ಬೇರೆ ಕಡೆ ತಿರುಗಿತೆಂದು ಅವಳಿಗೆ ಸಮಾಧಾನವಾಗಿರಬೇಕು. “ಹಿಂಬದಿ ಲಿಫ್ಟು ಅಪ್ಪ, ಹಾಸಿಗೆ ಸಾಗಿಸೋದು. ಬೆಳಿಗ್ಗೆಯಿಂದ ಕೆಳಗೇ ಇದ್ದೆ.”

“ಗುಂಡಿಯಲ್ಲಾ?”

“ಹೂಂ.”

“ನಿನ್ನೆ?”

“ನಿನ್ನೇನೂ ಅದೇ.”

“ಸ್ವಿಚ್ಚಿಗೆ ಏನು ಹಾಕಿದ್ದೆ?”

ಅವಳ ಸೊಂಟದ ಪಟ್ಟಿಯಲ್ಲಿ ಬೀಗ ಸಿಕ್ಕಿಸುವ ಕೊಕ್ಕೆ ಖಾಲಿ ಇತ್ತು. ಬೀಗ ನಮ್ಮ ಗಾಡಿಯಲ್ಲಿ ನೇತಾಡುತ್ತಿತ್ತು. ಕಡೆಗೆ, “ಒಬ್ಬ ವಾರ್ಡ್ ಬಾಯ್‌ನ ಸ್ವಿಚ್ ಹತ್ರ ನಿಲ್ಸಿದ್ದೆ,” ಎಂದಳು. ಅವಳ ದನಿ ಅವಳಿಗೇ ಕೇಳಿಸುವಷ್ಟಿತ್ತು.

ನಮ್ಮನ್ನು ಕಾಯಲು ಹೋಗಿ ಇವಳು ತನ್ನ ತಲೆಯ ಮೇಲಿನ ಲಿಫ್ಟನ್ನು ಬಿಡುವಿಲ್ಲದೆ ಓಡಾಡುವ ಯಾರೋ ಒಬ್ಬನ ಭರವಸೆಗೆ ಬಿಟ್ಟಿದ್ದಳು. ದೀಪದ ಬುಡದಲ್ಲೇ ಕತ್ತಲು.

ಮಿಸ್ತ್ರಿ ದನಿ ಏರಿಸುವವರಲ್ಲ. ಅಂದೂ ಏರಿಸಲಿಲ್ಲ. ಗಾಡಿಯಿಂದ ಇಳಿದು, ಗೇಟಿನಿಂದ ಮಾರು ದೂರದಲ್ಲಿ ನಿಂತರು. “ನಮಗೆ ಸೋಂಕು ಬಂದ್ರೂ ಬರಬಹುದು, ಬರದೇನೂ ಇರಬಹುದು. ಲಿಫ್ಟು ಬಂದ್ರೆ ಬಂದೇಬಿಡುತ್ತೆ. ಬೀಗ ಯಾರದ್ದು? ಯಾರ ಮೈ ಕೆಳಗಿರುತ್ತೋ ಅವರದ್ದು. ಇನ್ನೊಬ್ಬರ ಮೈಗೆ ನೀನು ಹಾಕೋ ಹಾಗಿಲ್ಲ. ನಾನೇ ಕಲಿಸಿದ್ದಲ್ವಾ ಮರಿ? ತೆಗಿ ಅದನ್ನ. ನಾವು ಹೋದ್ರೂ ಸರಿ, ಬಿಟ್ರೂ ಸರಿ. ಮೊದಲು ತೆಗಿ.”

ಅವಳು ಕಂಬಿಯ ಸಂದಿಯಿಂದ ಕೈ ಹಾಕಿ ಕೆಂಪು ಬೀಗ ತೆಗೆದಳು. ಬೀಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂಗು ಒರೆಸಿಕೊಂಡು ನಿಂತಳು. “ನಾನು ಒಪ್ಪಿದೆ ಅಂತ ತಿಳ್ಕೋಬೇಡಿ,” ಎಂದಳು.

“ನಿನ್ನ ಒಪ್ಪಿಗೆ ಯಾರು ಕೇಳಿದ್ರು?” ಎಂದೆ. ಕೇಳದಿದ್ದರೂ ಬೇಕಿತ್ತು, ಅದು ಬೇರೆ ಮಾತು.

ನೀಲಿ ಬೀಗ ಇನ್ನೂ ಅಲ್ಲೇ ಇತ್ತು. ಮಿಸ್ತ್ರಿ ಜೇಬಿನಿಂದ ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ನೀನೇ ಹೇಳು ಮರಿ. ಬೇಡ ಅಂದ್ರೆ ಇದು ಹೀಗೇ ಇರ್ಲಿ,” ಎಂದರು.

ನಾನು ಹಲ್ಲು ಕಚ್ಚಿಕೊಂಡೆ. ಇವಳು ಬೇಡ ಎಂದರೆ ಅಪ್ಪ ನಿಂತೇಬಿಡುತ್ತಾರೆ, ನನ್ನ ಯಾವ ಕೂಗೂ ಕೆಲಸಕ್ಕೆ ಬರುವುದಿಲ್ಲ. ಮಗಳು ತುಂಬ ಹೊತ್ತು ಅವರನ್ನೇ ನೋಡಿದಳು. ಅವರು ಅವಳ ಭುಜದ ಆಚೆಗೆ ನೋಡುತ್ತಿದ್ದರು.

“ನಿನ್ನ ಬೀಗ ಅಪ್ಪ,” ಎಂದಳು. “ನೀನೇ ತೆಗೀಬೇಕು.”

ಕೀಲಿಗೆ ಬೀಗದ ಬಾಯಿ ಸಿಗಲು ಹೊತ್ತು ಹಿಡಿಯಿತು. ನಾನೂ ಕೈ ಹಾಕಲಿಲ್ಲ, ಅವಳೂ ಹಾಕಲಿಲ್ಲ. ಕ್ಲಿಕ್ಕೆಂದಿತು. ಅವರು ಬೀಗವನ್ನು ಗೇಟಿನ ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. “ಇದನ್ನೂ ಇಟ್ಕೋ. ಇನ್ಮೇಲೆ ಖಾಲಿ ಸೊಂಟದಲ್ಲಿ ಗುಂಡಿಗೆ ಇಳೀಬೇಡ.”

“ಎರಡಿದ್ರೆ ಒಂದನ್ನ ಮರೀತಾರೆ ಅಂತ ನೀನೇ ಹೇಳ್ತಿದ್ದೆ.”

“ಮರೆತರೆ ಇನ್ನೊಂದಿರುತ್ತಲ್ಲ.”

ಮರುದಿನ ಬೆಳಿಗ್ಗೆ ಹೊರಟೆವು. ಸಲೂನಿನವನು ಗೇಟು ತೆರೆದು ಹಿಡಿದ, ಅವನ ಜನ್ಮದಲ್ಲಿ ಮೊದಲ ಸಲ ಮಾತಿಲ್ಲದೆ. ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು. ಮಿಸ್ತ್ರಿ ನನ್ನ ಪಕ್ಕದ ಸೀಟಿನಲ್ಲಿ ಕೂತು, ಅವಳನ್ನು ಬಿಟ್ಟು ಮೂರನೇ ಮನೆಯ ಹೊಗೆಕೊಳವೆಯನ್ನು ದಿಟ್ಟಿಸುತ್ತಿದ್ದರು. ನೋಡಿದವರು ಅಪ್ಪನಿಗೆ ಇನ್ನೂ ಸಿಟ್ಟಿದೆ ಎಂದುಕೊಳ್ಳಬೇಕು.

“ಕಾಣ್ತಿದ್ದಾಳೇನ್ರೀ?” ಎಂದೆ.

“ಚೆನ್ನಾಗಿ ಕಾಣ್ತಿದ್ದಾಳೆ. ಕೈ ಬೀಸ್ತಿದ್ದಾಳೆ. ಟೋಪಿ ಹಾಕ್ಕೊಂಡಿಲ್ಲ, ಬೈಯಿ.”

ಕಿಟಕಿ ಇಳಿಸಿ ಬೈದೆ. ಅವಳು ನಕ್ಕಳು.

“ಸಣ್ಣದು ನನಗೆ ಕಾಣಲ್ಲ,” ಎಂದರು ಮಿಸ್ತ್ರಿ. “ಸೊಂಟ ನೋಡು. ಎರಡೂ ಇವೆಯಾ?”

“ಇವೆ. ಒಂದು ಕೆಂಪು, ಒಂದು ನೀಲಿ.”

“ಹಾಗಾದ್ರೆ ಹೊರಡು,” ಎಂದರು.